ಸಾಧಾರಣ ಕಾಲದ ದೇವರು



ಮೇ 1ರಂದು ನಾವು ಸಂತ ಜೋಸೆಫರನ್ನು ಶ್ರಮಿಕರ ಪಾಲಕರೆಂದು ನೆನೆಯುತ್ತೇವೆ. ಮಾರ್ಚ್ 19ರ ಹಬ್ಬ ಬಹಳ ಹಳೆಯದು. ಮೇ ತಿಂಗಳ ಈ ಹಬ್ಬವನ್ನು ಸ್ಥಾಪಿಸಿದವರು ಜಗದ್ಗುರು ಹನ್ನೆರಡನೇ ಪಯಸ್‌ರವರು, 1955ರಲ್ಲಿ. ಲೋಕದ ಕಾರ್ಮಿಕರು ಬಾವುಟ ಹಿಡಿದು ಬೀದಿಗಿಳಿಯುವ ದಿನದಂದೇ ಧರ್ಮಸಭೆಯೂ ಒಬ್ಬ ಬಡಗಿಯನ್ನು ಮುಂದೆ ನಿಲ್ಲಿಸಿ ಗೌರವಿಸಿತು. ಆ ಬಡಗಿ ಆಡಿದ ಒಂದೇ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಅವರ ಮನೆಯಲ್ಲಿ ಬೆಳೆದ ಪ್ರಭು ಯೇಸುವಿನ ಬಾಳಿನಲ್ಲೂ ಬೋಧನೆ, ಅದ್ಭುತಗಳ ಕಾಲ ಸುಮಾರು ಮೂರು ವರ್ಷ ಮಾತ್ರ. ಅದಕ್ಕೆ ಮೊದಲಿನ ಮೂವತ್ತು ವರ್ಷಗಳಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ ಜೆರುಸಲೇಮಿನ ದೇವಾಲಯದಲ್ಲಿ ಉಳಿದುಕೊಂಡ ಆ ಒಂದು ಪ್ರಸಂಗ ಬಿಟ್ಟರೆ, ನಜರೇತಿನ ಮನೆಯಲ್ಲಿ ಏನೇನು ನಡೆಯಿತೆಂದು ಯಾರೂ ಬರೆದಿಡಲಿಲ್ಲ. ನೀರು ಬಂತು, ರೊಟ್ಟಿ ಬೆಂದಿತು, ಮರ ಕೊಯ್ದಾಯಿತು, ಸಾಲ ತೀರಿತು ಅಥವಾ ತೀರಲಿಲ್ಲ. ದೇವಪುತ್ರರು ಆ ಮನೆಯಲ್ಲೇ ಇದ್ದರು.

ಪೂಜಾವಿಧಿಯ ಪಂಚಾಂಗ ನೋಡಿದರೂ ಇದೇ ಲೆಕ್ಕ. ಆಗಮನ ಕಾಲ, ಕ್ರಿಸ್ತಜಯಂತಿ, ತಪಸ್ಸು ಕಾಲ, ಪಾಸ್ಕ ಕಾಲ ಎಲ್ಲ ಮುಗಿದ ಮೇಲೆ ಉಳಿಯುವ 33 ಅಥವಾ 34 ವಾರಗಳಿಗೆ 'ಸಾಧಾರಣ ಕಾಲ' ಎಂದು ಹೆಸರು. ಹಬ್ಬದ ದಿನ ದೇವರು ಎಲ್ಲಿದ್ದಾರೆಂದು ಕೇಳಿದರೆ ನಮ್ಮ ಮಕ್ಕಳೂ ಹೇಳುತ್ತಾರೆ. ಸಾಧಾರಣ ಕಾಲದ ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಎಲ್ಲಿದ್ದಾರೆಂದು ಕೇಳಿದರೆ ನಾವು ದೊಡ್ಡವರೂ ತಡವರಿಸುತ್ತೇವೆ. ಇದಕ್ಕೆ ಉತ್ತರ ಹುಡುಕಲು ರೋಮಾಪುರಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಮೈಸೂರು ರಸ್ತೆ, ಕನಕಪುರ ರಸ್ತೆ, ಮಾಗಡಿ ರಸ್ತೆಗಳಲ್ಲಿ ಒಂದೆರಡು ಗಂಟೆ ಹೋದರೆ ಸಿಗುವ ಊರುಗಳ ಚರಿತ್ರೆಯಲ್ಲೇ ಅದು ಇದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಒಂದು ಜಿಲ್ಲೆಯಾದವು. 2025ರಲ್ಲಿ ಸರ್ಕಾರ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರು ಬದಲಾಗುವುದು ಈ ಸೀಮೆಗೆ ಹೊಸದೇನಲ್ಲ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ನೆನಪಿಗೆ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಊರೇ ರಾಮನಗರ. ಕಾನಕಾನಹಳ್ಳಿ ಎಂದಿದ್ದದ್ದು ಕನಕಪುರ.

ಮೈಸೂರು ಸೀಮೆಗೆ ಯೇಸುಸಭೆಯ ಗುರುಗಳು ಬಂದದ್ದು ಹದಿನೇಳನೇ ಶತಮಾನದ ನಡುವೆ. ಇಟಲಿಯ ಲಿಯೊನಾರ್ಡೊ ಚಿನ್ನಾಮಿಯವರು 1648ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಶ್ರೀರಂಗಪಟ್ಟಣದಲ್ಲಿ ನೆಲೆ ನಿಂತರು. ಮಧುರೆಯಲ್ಲಿ ನೊಬಿಲಿಯವರು ತೋರಿಸಿಕೊಟ್ಟ ಹಾದಿಯಲ್ಲಿ ಇವರೂ ಸಂನ್ಯಾಸಿಯ ಉಡುಗೆ ತೊಟ್ಟರು, ಮಾಂಸ ಬಿಟ್ಟರು, ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ದೇವರನ್ನು ಎಲ್ಲ ವಸ್ತುಗಳಲ್ಲೂ ಎಲ್ಲ ಕೆಲಸಗಳಲ್ಲೂ ಕಾಣಬೇಕೆಂದು ಶಿಷ್ಯರಿಗೆ ಕಲಿಸಿದ ಲೊಯೋಲಾದ ಸಂತ ಇಗ್ನಾಸಿಯವರ ಮಕ್ಕಳು ಇವರು. ಆ ಪಾಠ ರಾಗಿ ಹೊಲದ ಬದುಗಳ ಮೇಲೆ ನಡೆದುಕೊಂಡೇ ನಮ್ಮ ಸೀಮೆಗೆ ಬಂತೆನ್ನಬೇಕು. ಕನಕಪುರ ತಾಲ್ಲೂಕಿನ ಹಾರೋಬೆಲೆಯವರು ತಮ್ಮ ಹಿರಿಯರಿಗೆ ಈ ವಿಶ್ವಾಸ ದೊರೆತದ್ದು ಆ ಕಾಲದ ಗುರುಗಳಿಂದಲೇ ಎಂದು ಇವತ್ತಿಗೂ ಹೇಳುತ್ತಾರೆ.

ಆದರೆ ಬಂದ ಗುರುಗಳು ಉಳಿಯಲಿಲ್ಲ, ಅಥವಾ ಉಳಿಯಲು ಬಿಡಲಿಲ್ಲ. 1759ರಲ್ಲಿ ಪೋರ್ಚುಗಲ್ ದೇಶ ಯೇಸುಸಭೆಯನ್ನು ಹೊರದೂಡಿತು. 1773ರಲ್ಲಿ ಜಗದ್ಗುರು ಹದಿನಾಲ್ಕನೇ ಕ್ಲೆಮೆಂಟ್‌ರವರು ಆ ಸಭೆಯನ್ನೇ ವಿಸರ್ಜಿಸಿದರು. ಮುದಿಯಾದ ಗುರುಗಳು ಒಬ್ಬೊಬ್ಬರಾಗಿ ತೀರಿಕೊಂಡರು, ಅವರ ಜಾಗಕ್ಕೆ ಬರುವವರಿಲ್ಲ. ಪ್ಯಾರಿಸ್ ವಿದೇಶಿ ಮಿಷನ್ ಸಭೆಯವರು ಜವಾಬ್ದಾರಿ ಹೊತ್ತರಾದರೂ ಇಡೀ ಮೈಸೂರು ಸೀಮೆಗೆ ಅವರ ಕೈಯಲ್ಲಿದ್ದ ಗುರುಗಳು ಬೆರಳೆಣಿಕೆಯಷ್ಟು. ಇದರ ನಡುವೆ ಯುದ್ಧಗಳು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬ್ರಿಟಿಷ್ ಸೇನೆಗೆ ಆಸರೆ ಸಿಗಬಾರದೆಂದು ಕಾನಕಾನಹಳ್ಳಿ ಪಟ್ಟಣವನ್ನು ಎರಡು ಬಾರಿ ಹಾಳುಗೆಡವಿಸಿದ.

ಅಂಥ ದಿನಗಳಲ್ಲಿ ಒಂದು ಹಳ್ಳಿಯ ಕ್ರೈಸ್ತ ಮನೆತನ ಏನು ಮಾಡಿರಬೇಕು? ಭಾನುವಾರದ ಪೂಜೆಯಿಲ್ಲ. ಪಾಪನಿವೇದನೆ ಕೇಳುವವರಿಲ್ಲ. ಪರಮಪ್ರಸಾದ ವರ್ಷಕ್ಕೊಮ್ಮೆ ದೊರೆತರೆ ಪುಣ್ಯ. ಓದು ಬಲ್ಲವರು ಕಡಿಮೆ, ಬಲ್ಲವರಿದ್ದರೂ ಕೈಗೆ ಪುಸ್ತಕವಿಲ್ಲ. ಉಳಿದದ್ದು ಬಾಯಿಪಾಠದ ಜಪಗಳು, ಊರಿನ ಉಪದೇಶಿ, ಸಂಜೆಯ ದೀಪ, ಹಣೆಯ ಮೇಲೆ ಹಾಕಿಕೊಳ್ಳುವ ಶಿಲುಬೆ ಗುರುತು. ಗುರುಗಳಿಲ್ಲದ ಸಂಕಟದಲ್ಲಿ ಯಾರು ಬೇಕಾದರೂ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದೆಂದು ಧರ್ಮಸಭೆ ಬಹಳ ಹಿಂದಿನಿಂದಲೂ ಒಪ್ಪಿದೆ. ಹೆರಿಗೆಯ ಕೋಣೆಯಲ್ಲಿ ಉಸಿರು ಕಟ್ಟುತ್ತಿರುವ ಕೂಸಿನ ನೆತ್ತಿಗೆ ಸೂಲಗಿತ್ತಿ ಹೊಯ್ದ ಚೊಂಬು ನೀರು, ರೋಮಿನ ಮಹಾದೇವಾಲಯದಲ್ಲಿ ಜಗದ್ಗುರುಗಳು ಹೊಯ್ಯುವ ನೀರಿಗೆ ಒಂದು ಹನಿಯಷ್ಟೂ ಕಡಿಮೆಯಲ್ಲ.

ಇದೇ ಸಭೆಯ ಗುರುಗಳಿಗೆ ಮುಂದೆ ಜಪಾನಿನಲ್ಲಿ ಇದರ ಇನ್ನೂ ದೊಡ್ಡ ಸಾಕ್ಷಿ ಸಿಕ್ಕಿತು. 1614ರಲ್ಲಿ ಅಲ್ಲಿ ಕ್ರೈಸ್ತಧರ್ಮಕ್ಕೆ ನಿಷೇಧ ಬಿದ್ದಿತ್ತು. 1865ರ ಮಾರ್ಚ್ 17ರಂದು ನಾಗಸಾಕಿಯ ಹೊಸ ದೇವಾಲಯದಲ್ಲಿದ್ದ ಪೆತಿಜಾನ್ ಸ್ವಾಮಿಗಳ ಬಳಿ ಹಳ್ಳಿಯ ಕೆಲವರು ಬಂದು, ತಾವೂ ಅದೇ ವಿಶ್ವಾಸದವರೆಂದು ಮೆಲ್ಲನೆ ಹೇಳಿದರು. ತಲೆಮಾರುಗಳ ಕಾಲ ಗುರುಗಳಿಲ್ಲದೆ, ಮನೆಗಳಲ್ಲಿ, ಮೀನುಗಾರರ ಮತ್ತು ರೈತರ ಬಾಯಲ್ಲಿ ಆ ವಿಶ್ವಾಸ ಉಳಿದಿತ್ತು. ನಮ್ಮ ಸೀಮೆಯ ಕಥೆ ಅಷ್ಟು ಘೋರವಲ್ಲ. ಆದರೆ ಉಳಿದ ರೀತಿ ಒಂದೇ.

ಈಗ ದುಬೊವಾ ಸ್ವಾಮಿಗಳ ವಿಷಯಕ್ಕೆ ಬರೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಈ ಫ್ರೆಂಚ್ ಗುರುಗಳನ್ನು ಜನ 'ದೊಡ್ಡ ಸ್ವಾಮಿಗಳು' ಎಂದು ಕರೆದರು. ಅವರು ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು, ಹಳ್ಳಿಹಳ್ಳಿ ತಿರುಗಿದರು. ಸಿಡುಬಿನ ವಿರುದ್ಧ ಸಾವಿರಾರು ಮಂದಿಗೆ ದೇವಿ ಹಾಕಿಸಿದರು. ಚದುರಿಹೋದ ಕ್ರೈಸ್ತರನ್ನು ಸತ್ತಿಹಳ್ಳಿಯಲ್ಲಿ ಬೇಸಾಯಕ್ಕೆ ನಿಲ್ಲಿಸಿದರು. ಇಷ್ಟೆಲ್ಲ ಮಾಡಿದ ಮಹನೀಯರು 1823ರಲ್ಲಿ ತಾಯ್ನಾಡಿಗೆ ಮರಳಿದರು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಅವರ ಪತ್ರಗಳು ಅದೇ ವರ್ಷ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅದರ ಸಾರ ನಿರಾಶೆ: ಈ ನೆಲದಲ್ಲಿ ಕ್ರೈಸ್ತಧರ್ಮ ಬೇರೂರುವುದಿಲ್ಲ. ತಾವು ನೋಡಿಕೊಂಡ ಕ್ರೈಸ್ತರ ವಿಶ್ವಾಸದ ಬಗ್ಗೆಯೂ ಅವರಿಗೆ ಹೆಚ್ಚು ಭರವಸೆ ಇರಲಿಲ್ಲ.

ಆ ಮಾತು ಅಚ್ಚಾಗಿ ಇನ್ನೂರು ವರ್ಷ ದಾಟಿದೆ. ಹಾರೋಬೆಲೆಯಲ್ಲಿ ಇಂದಿಗೂ ಗಂಟೆ ಬಾರಿಸುತ್ತದೆ. ಆ ಊರು ಎಷ್ಟೋ ಮಂದಿ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಧರ್ಮಸಭೆಗೆ ಕೊಟ್ಟಿದೆ. ಶತಮಾನಕ್ಕೂ ಮೇಲ್ಪಟ್ಟು ಅಲ್ಲಿ ಯೇಸುಸ್ವಾಮಿಯ ಪಾಡುಗಳ ನಾಟಕ ನಡೆದುಬಂದಿದೆ. ನಿನ್ನೆ ಹೊಲದಲ್ಲಿ ನೀರು ಕಟ್ಟುತ್ತಿದ್ದವರು ಇಂದು ಶಿಲುಬೆ ಹೊರುತ್ತಾರೆ, ನಾಳೆ ಮತ್ತೆ ನೀರು ಕಟ್ಟಲು ಹೋಗುತ್ತಾರೆ. ಹಾಗಾದರೆ ದೊಡ್ಡ ಸ್ವಾಮಿಗಳ ಅಂದಾಜು ತಪ್ಪಿದ್ದೆಲ್ಲಿ? ಅವರ ಕಷ್ಟಸಹಿಷ್ಣುತೆಯನ್ನು ಕಿಂಚಿತ್ತೂ ಕಡಿಮೆ ಮಾಡದೆ ನಮ್ಮ ಅಭಿಪ್ರಾಯ ಹೇಳುತ್ತೇವೆ. ಹೊಸದಾಗಿ ಸೇರಿದವರೆಷ್ಟು, ಬಿಟ್ಟುಹೋದವರೆಷ್ಟು, ಜಾತಿ ಬಿಟ್ಟವರೆಷ್ಟು, ವಿದ್ಯಾವಂತರು ಬಂದರೇ ಎಂದು ಅವರು ನೋಡಿದರು. ಅವರು ಕುದುರೆಯೇರಿ ಮುಂದಿನ ಊರಿಗೆ ಹೊರಟ ಮೇಲೆ ಆ ಮನೆಯ ಅಜ್ಜಿ ಮೊಮ್ಮಗಳ ಕೈ ಹಿಡಿದು ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿಸಿ ಕಲಿಸುತ್ತಿದ್ದುದನ್ನು ಯಾವ ಗುರುವೂ ನೋಡುವುದಕ್ಕಾಗುವುದಿಲ್ಲ.

2019ರ ಕ್ರಿಸ್ತಜಯಂತಿಯಂದು ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸು ಪ್ರತಿಮೆಗೆ ಶಿಲಾನ್ಯಾಸ ನಡೆದಾಗ ನಾಡಿನ ಕಣ್ಣೆಲ್ಲ ಆ ಬೆಟ್ಟದ ಮೇಲೆ ಬಿತ್ತು. ವಿರೋಧ, ಮೆರವಣಿಗೆ, ಟೀವಿ ಚರ್ಚೆಗಳೂ ಆದವು. ಆ ವಿವಾದದ ತೀರ್ಮಾನ ಹೇಳುವುದು ಈ ಬರಹದ ಕೆಲಸವಲ್ಲ. ಬೆಟ್ಟದ ಬುಡದ ಮನೆಗಳಿಗೆ ಬರೋಣ, ಏಕೆಂದರೆ ಶತಮಾನಗಳ ಕಾಲ ಆ ವಿಶ್ವಾಸ ಇದ್ದದ್ದು ಅಲ್ಲಿಯೇ.

ಆ ಮನೆಗಳಲ್ಲಿ ಹುಳು ಇರುತ್ತದೆ. ರೇಷ್ಮೆ ಹುಳುವಿನ ತತ್ತಿಯನ್ನು ಬಂಗಾಳದಿಂದ ತರಿಸಿ ಮೈಸೂರು ಸೀಮೆಯಲ್ಲಿ ಹಬ್ಬಿಸಿದವನು ಟಿಪ್ಪು ಸುಲ್ತಾನನೇ. ಒಂದು ಕಡೆ ಸೆರೆ, ಇನ್ನೊಂದು ಕಡೆ ಇಷ್ಟು ತಲೆಮಾರುಗಳ ಅನ್ನ, ಎರಡೂ ಒಬ್ಬನ ಕೈಯಿಂದ ಬಂದವು. ದೇವರ ಚರಿತ್ರೆ ನಮ್ಮ ಇಷ್ಟದಂತೆ ಗೆರೆ ಎಳೆದು ಸಾಗುವುದಿಲ್ಲ.

ಹುಳು ಸಾಕಿದವರಿಗೆ ಹೇಳಬೇಕಾಗಿಲ್ಲ, ಪೇಟೆಯ ಓದುಗರಿಗಾಗಿ ಬರೆಯುತ್ತೇವೆ. ಚಾಕಿ ಕಟ್ಟಿದಂದಿನಿಂದ ಹುಳು ಹಣ್ಣಾಗುವವರೆಗೆ ಸುಮಾರು 25 ದಿನ. ನಡುವೆ ನಾಲ್ಕು ಜ್ವರ. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ನಿಂತು ಹಳೆಯ ಚರ್ಮ ಕಳಚುವ ಹೊತ್ತು. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಕೊನೆಯಿಲ್ಲ. ಒಟ್ಟು ಮೇವಿನ ಐದರಲ್ಲಿ ನಾಲ್ಕು ಪಾಲನ್ನು ಈ ಕೊನೆಯ ವಾರದಲ್ಲೇ ತಿನ್ನುತ್ತದೆ. ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ತರಬೇಕು. ಹುಳುವಿನ ಮನೆಯಲ್ಲಿ ಕೂತರೆ ಸಾವಿರಾರು ಬಾಯಿಗಳು ಸೊಪ್ಪು ಕತ್ತರಿಸುವ ಸದ್ದು ಸೋನೆಮಳೆಯಂತೆ ಕೇಳುತ್ತದೆ. ಒಳಗೆ ಬೀಡಿ ಸೇದುವಂತಿಲ್ಲ, ಘಾಟು ಒಗ್ಗರಣೆ ಹಾಕುವಂತಿಲ್ಲ, ಕೈ ತೊಳೆಯದೆ ಕಾಲಿಡುವಂತಿಲ್ಲ. ಹಾಲು ರೋಗ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ, 1980ರಿಂದೀಚೆಗೆ ಊಜಿ ನೊಣ, ಇವುಗಳಲ್ಲಿ ಯಾವುದಾದರೊಂದು ತಗುಲಿದರೂ ಇಡೀ ಬೆಳೆ ತಿಪ್ಪೆಗೆ. ಎಲ್ಲ ಸರಿಹೋದರೆ ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ, ಅವು ಗೂಡು ಕಟ್ಟುತ್ತವೆ.

ಆ ಕೊನೆಯ ವಾರದಲ್ಲಿ ಮನೆಯ ತಾಯಿಗೆ ಮಂಡಿಯೂರಿ ಜಪಸರ ಮುಗಿಸುವಷ್ಟು ಬಿಡುವಿಲ್ಲ. ಸೊಪ್ಪು ಹರಡುತ್ತ ಒಂದು ತಟ್ಟೆಗೆ ಒಂದು ನಮೋ ಮರಿಯಾ ಹೇಳಿಕೊಳ್ಳುತ್ತಾಳೆ. ನಡುವೆ ಮಗ ಅತ್ತರೆ ಜಪ ನಿಲ್ಲುತ್ತದೆ, ಎಲ್ಲಿಗೆ ನಿಂತಿತೆಂದು ಮರೆತೂ ಹೋಗುತ್ತದೆ. ಇದು ಪ್ರಾರ್ಥನೆಯೇ ಅಲ್ಲವೇ ಎಂದು ಹಲವು ತಾಯಂದಿರು ಅಳುಕಿನಿಂದ ಕೇಳುವುದುಂಟು. ಅವರಿಗಾಗಿ ಆವಿಲಾದ ಸಂತ ತೆರೇಸಾ ಇದ್ದಾರೆ. ಅಡುಗೆಮನೆಯ ಮಡಕೆ ಕುಡಿಕೆಗಳ ನಡುವೆಯೂ ಪ್ರಭು ಸುಳಿದಾಡುತ್ತಾರೆಂದು ತಮ್ಮ ಕನ್ಯಾಸ್ತ್ರೀಯರಿಗೆ ತಿಳಿಹೇಳಿದವರು ಆ ತಾಯಿ. 1577ರಲ್ಲಿ ಅವರು ಆತ್ಮದ ಏಳು ನಿವಾಸಗಳ ಬಗ್ಗೆ ಬರೆದ ಗ್ರಂಥದಲ್ಲಿ, ಐದನೇ ನಿವಾಸದ ಕಡೆ, ಆತ್ಮವನ್ನು ಹೋಲಿಸುವುದು ಯಾವುದಕ್ಕೆ ಗೊತ್ತೇ? ರೇಷ್ಮೆ ಹುಳುವಿಗೆ. ಸಣ್ಣ ತತ್ತಿಯಿಂದ ಹುಟ್ಟಿ, ಹಿಪ್ಪುನೇರಳೆ ತಿಂದು ಬೆಳೆದು, ತನ್ನದೇ ಎಳೆಯಿಂದ ಮನೆ ಕಟ್ಟಿಕೊಂಡು, ಅದರೊಳಗೆ ಸತ್ತು, ಬಿಳಿಯ ಚಿಟ್ಟೆಯಾಗಿ ಹೊರಬರುವ ಹುಳು. ಆ ಮನೆ ಕ್ರಿಸ್ತರೇ ಎನ್ನುತ್ತಾರೆ ಅವರು. ಸ್ವಾರಸ್ಯವೆಂದರೆ, ಇದನ್ನೆಲ್ಲ ತಾನು ಕಣ್ಣಾರೆ ಕಂಡಿಲ್ಲ, ಕೇಳಿ ಬಲ್ಲೆ ಅಷ್ಟೇ ಎಂದು ಸಂತರೇ ಒಪ್ಪಿಕೊಂಡಿದ್ದಾರೆ. ಧರ್ಮಸಭೆಯ ಪಂಡಿತೆ ಎಂದು 1970ರಲ್ಲಿ ಘೋಷಿತರಾದ ಆ ಮಹಾಸಂತರಿಗೆ ಹುಳುವಿನ ವಿಷಯದಲ್ಲಿ ಪಾಠ ಹೇಳಬಲ್ಲ ತಾಯಂದಿರು ಕನಕಪುರದ ಕಡೆ ಬೇಕಾದಷ್ಟು ಮಂದಿ ಇದ್ದಾರೆ.

ಅವರು ಇನ್ನೂ ಒಂದು ಮಾತು ಸೇರಿಸಿಯಾರು. ನಮ್ಮ ಹುಳು ಚಿಟ್ಟೆಯಾಗುವುದಿಲ್ಲ. ಬಿತ್ತನೆಗೆ ಇಟ್ಟ ಗೂಡುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಮಾರುಕಟ್ಟೆಗೆ, ಅಲ್ಲಿಂದ ಬಿಚ್ಚಾಣಿಕೆಯ ಬಿಸಿನೀರಿಗೆ. ಎಳೆ ಉಳಿಯಲೆಂದು ಹುಳು ಒಳಗೇ ಸಾಯುತ್ತದೆ. ಯಾರದೋ ಮದುವೆಯ ಸೀರೆಗೆ.

ಹಾಗೆ ನಾವು ರಾಮನಗರಕ್ಕೆ ಬರುತ್ತೇವೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಇಲ್ಲಿದೆ. ಒಂದು ತಿಂಗಳ ನಿದ್ದೆಗೇಡು ಇಲ್ಲಿ ಹರಾಜಿನ ಒಂದು ಕ್ಷಣದಲ್ಲಿ ಬೆಲೆಯಾಗುತ್ತದೆ. ದಿನನಿತ್ಯದಲ್ಲಿ ದೇವರಿದ್ದಾರೆಂದು ಹೇಳುವಾಗ ನಮಗೆ ಒಂದು ಭಯವಿದೆ, ದಿನನಿತ್ಯವೆಲ್ಲ ಚೆಂದವೆಂದು ಹೇಳಿದಂತಾದೀತೆಂದು. ಹಾಗಿಲ್ಲ. ಇದೇ ರೇಷ್ಮೆಯ ಚರಿತ್ರೆಯಲ್ಲಿ ಒಂದು ಕರಾಳ ಪುಟವಿದೆ. ಕರ್ನಾಟಕದ ರೇಷ್ಮೆ ಕಸುಬಿನಲ್ಲಿ ಸಾಲಕ್ಕೆ ಜೀತವಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಪ್ರಕಟಿಸಿತು. ಕುದಿಯುವ ನೀರಿಗೆ ಬೆರಳದ್ದಿ ಗೂಡು ಬೆಂದಿದೆಯೇ ನೋಡುವ ಮಕ್ಕಳು, ಹುರಿ ಹಾಕುವ ಯಂತ್ರಗಳ ಗದ್ದಲದಲ್ಲಿ ದಿನವಿಡೀ ನಿಂತ ಮಕ್ಕಳು. ತಂದೆತಾಯಿ ತೆಗೆದುಕೊಂಡ ಕೆಲವೇ ಸಾವಿರ ರೂಪಾಯಿ ಮುಂಗಡಕ್ಕೆ ಅವರ ಬಾಲ್ಯವೇ ಒತ್ತೆ. ಹಸಿದವರಲ್ಲಿ, ಸೆರೆಯಲ್ಲಿದ್ದವರಲ್ಲಿ ತಾವೇ ಇದ್ದುದಾಗಿ ಅಂತಿಮ ತೀರ್ಪಿನ ದಿನ ಹೇಳುವ ಪ್ರಭು ಆ ಬಿಸಿನೀರಿನ ಬಾಣಲೆಯ ಪಕ್ಕದಲ್ಲೂ ನಿಂತಿದ್ದರು. ಆ ದಿನಗಳಲ್ಲಿ ಹಬ್ಬಕ್ಕೆ ರೇಷ್ಮೆ ಸೀರೆಯುಟ್ಟು ಪೂಜೆಗೆ ಬಂದ ನಮ್ಮಲ್ಲಿ ಎಷ್ಟು ಮಂದಿಗೆ ಆ ಎಳೆಯ ಮೂಲ ನೆನಪಿತ್ತು? ನಜರೇತಿನ ಮನೆಯಲ್ಲೂ ಒಬ್ಬ ಹುಡುಗ ತಂದೆಯ ಕಸುಬು ಕಲಿತ. ಪ್ರೀತಿಸುವವರ ಪಕ್ಕ ಕಲಿಯುವುದು ಬೇರೆ, ಸಾಲಗಾರನ ಕೈಕೆಳಗೆ ಸವೆಯುವುದು ಬೇರೆ.

ಸಂತ ಜೋಸೆಫರ ಕಸುಬಿಗೆ ಹತ್ತಿರದ ಊರು ಚನ್ನಪಟ್ಟಣ. ಹಾಲೆ ಮರದ ತುಂಡನ್ನು ತಿರುಗಣಿಗೆ ಕಟ್ಟಿ, ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಗೆ ಒಣಗರಿಯಿಂದ ಉಜ್ಜಿದರೆ ಕನ್ನಡಿಯಂಥ ಮೆರುಗು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈ ಕಲೆಯನ್ನು ಹೊಸ ಹಾದಿಗೆ ತಂದವರು ಬಾವಾಸ್ ಮಿಯಾ. ಇಂದಿಗೂ ಇದರಲ್ಲಿ ನಿರತರಾದವರಲ್ಲಿ ಮುಸ್ಲಿಂ ಬಾಂಧವರು ಬಹಳ ಮಂದಿ. ಇದು ಕ್ರೈಸ್ತರ ಕಸುಬಲ್ಲವೆಂದು ಈ ಹಬ್ಬದ ಬರಹದಿಂದ ಬಿಡಲು ನಮಗೆ ಮನಸ್ಸಾಗಲಿಲ್ಲ. ಮಗುವಿನ ಬಾಯಿಗೆ ಹೋಗುವ ಗಿಲಕಿಯ ಅಂಚನ್ನು ಮತ್ತೊಮ್ಮೆ ಬೆರಳಿನಿಂದ ಸವರಿ ನೋಡುವ ಕುಶಲಕರ್ಮಿಯನ್ನು ಸಂತ ಜೋಸೆಫರು ತಮ್ಮವನೆಂದೇ ಗುರುತಿಸಿಯಾರು.

ಮಾಗಡಿಯ ಕಡೆಯ ಹಳ್ಳಿಗಳೂ ಸೇರಿ, ನಾಲ್ಕು ತಾಲ್ಲೂಕುಗಳ ದಿನಚರಿ ಈಗ ಬದಲಾಗುತ್ತಿದೆ. 1999ರಿಂದ ಬಿಡದಿಯಲ್ಲಿ ಕಾರುಗಳು ತಯಾರಾಗುತ್ತಿವೆ. ಮಗ ರಾತ್ರಿ ಪಾಳಿ, ಸೊಸೆ ಬೆಳಕು ಹರಿಯುವ ಮುನ್ನ ಗಾರ್ಮೆಂಟ್ಸ್ ವ್ಯಾನಿಗೆ. ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಸಂಜೆ ಏಳು ಗಂಟೆ ಎಂಬುದೇ ಈಗ ಇಲ್ಲ. ಕುಟುಂಬವನ್ನು ಮನೆಯ ಧರ್ಮಸಭೆ ಎಂದು 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಕರೆಯಿತು. ನಮ್ಮ ಹಿರಿಯರು ಆ ಹೆಸರು ಕೇಳದೆಯೇ ಅದನ್ನು ನಡೆಸಿದ್ದರು. ಗುರುಗಳಿಲ್ಲದ ಕಾಲದಲ್ಲಿ ಉಳಿದ ವಿಶ್ವಾಸ, ಗುರುಗಳು, ದೇವಾಲಯ, ಶಾಲೆ, ಮೊಬೈಲಿನಲ್ಲಿ ಬೈಬಲ್ ಎಲ್ಲ ಇರುವ ಈ ಕಾಲದಲ್ಲಿ ಮನೆಯೊಳಗೆ ಸೊರಗುತ್ತಿದೆಯೇ ಎಂಬ ಚಿಂತೆ ನಮಗಿದೆ. ಏಳು ಗಂಟೆ ಸಿಗದಿದ್ದರೆ ಸಿಕ್ಕ ಗಂಟೆಯೇ ಸಾಕು. ಪಾಳಿ ಮುಗಿಸಿ ಬಂದ ಮಗನಿಗೆ ತಟ್ಟೆ ಬಡಿಸುವಾಗ ತಂದೆ ಅವನ ಹಣೆಗೆ ಶಿಲುಬೆ ಗುರುತು ಹಾಕಲು ಅರ್ಧ ನಿಮಿಷವೂ ಬೇಡ.

ಈ ಮೇ 1ರ ಬಲಿಪೂಜೆಗೆ ಬರುವಾಗ ಪ್ರತಿ ಮನೆಯಿಂದ ಒಂದು ಕೆಲಸದ ಸಾಮಾನು ತನ್ನಿ. ಸೊಪ್ಪು ಕೊಯ್ಯುವ ಕುಡುಗೋಲು, ಹೊಲಿಗೆಯ ಕತ್ತರಿ, ಕಾರ್ಖಾನೆಯ ಗುರುತಿನ ಚೀಟಿ, ಅಡುಗೆಯ ಸೌಟು, ಯಾವುದಾದರೂ ಸರಿ. ಕಾಣಿಕೆಯ ಹೊತ್ತಿಗೆ ರೊಟ್ಟಿ, ದ್ರಾಕ್ಷಾರಸದ ಜೊತೆ ಅವನ್ನೂ ಪೀಠದ ಬಳಿ ಇಡೋಣ, ವಿಚಾರಣೆ ಗುರುಗಳಿಂದ ಆಶೀರ್ವದಿಸಿಕೊಂಡು ಮರಳಿ ಒಯ್ಯೋಣ. ನಾಲ್ಕನೇ ಜ್ವರ ಎದ್ದ ಹುಳು ಮನೆಯಲ್ಲಿರುವವರು ಅಂದು ಬರಲಾರರು, ಮೇವು ತಪ್ಪಿಸಿ ಬರುವುದೂ ಬೇಡ. ಅಂಥ ಮನೆಗಳ ಹೆಸರನ್ನು ನೆರೆಯವರು ಹಿಂದಿನ ಸಂಜೆಯೇ ಗುರುಗಳಿಗೆ ತಿಳಿಸಿದರೆ, ಪೂಜೆ ಮುಗಿದ ಮೇಲೆ ಪರಮಪ್ರಸಾದ ಅವರ ಬಾಗಿಲಿಗೇ ಬರುತ್ತದೆ. ಒಳಗೆ ಹೋಗುವವರು ಕೈಕಾಲು ತೊಳೆದುಕೊಂಡು ಹೋಗಿ.